ಬಿಸಿಲು ಬಿಟ್ಟ ಜಾಗ

“ಮುಟ್ಬೇಡಿ! ಕೈ ತೆಗೀರಿ ಮೇಡಂ, ಕೈ ತೆಗೀರಿ!”

ಇನ್ಸ್‌ಪೆಕ್ಟರ್ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಇಪ್ಪತ್ತೆಂಟು ವರ್ಷದ ಪೊಲೀಸ್ ನೌಕರಿಯಲ್ಲಿ ಆಕೆ ಎಷ್ಟೋ ಜನಕ್ಕೆ ಕೈ ಎತ್ತು ಅಂದಿದ್ದಳು. ಆಕೆಗೇ ಕೈ ತೆಗೀರಿ ಅಂದವರು ಇವತ್ತಿನವರೆಗೆ ಯಾರೂ ಇರಲಿಲ್ಲ.

ತಾರಸಿಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಗಾಳಿತಾತ ನಿಂತಿದ್ದ. ಮೂರು ಮಹಡಿ ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. ವಿಶ್ವವಿದ್ಯಾಲಯದ ಹವಾಮಾನ ವಿಭಾಗದಲ್ಲಿ ಬಿಸಿಲು, ಮಳೆ, ಗಾಳಿ ಅಳೆದು ಬರೆದಿಡುವ ಕೆಲಸ ಅವನದು. ಹುಡುಗರು ಗಾಳಿತಾತ ಅಂತ ಕರೆಯುತ್ತಿದ್ದರು. ಅದನ್ನೇ ಕೇಳಿ ಕೇಳಿ ಮೇಷ್ಟರುಗಳೂ ಹಾಗೇ ಕರೆಯುತ್ತಿದ್ದರು.

“ಯಾಕೆ ಯಜಮಾನ್ರೇ? ಕೈ ಸುಡುತ್ತಾ?”

“ಕೈ ಸುಟ್ರೆ ವಾಸಿಯಾಗುತ್ತೆ. ಕಾರ್ಡು ಕೆಟ್ರೆ ಆಗಲ್ಲ.”

ಆಕೆಯ ಮುಂದೆ ಮೊಳಕಾಲೆತ್ತರದ ಗಾರೆ ಕಂಬ. ಅದರ ಮೇಲೆ ಹಿತ್ತಾಳೆ ಬಟ್ಟಲು. ಬಟ್ಟಲಿನಲ್ಲಿ ಎರಡು ಮುಷ್ಟಿ ಸೇರಿಸಿದಷ್ಟು ದೊಡ್ಡ ಗಾಜಿನ ಗುಂಡು. ಗುಂಡಿನ ಹಿಂದೆ, ಬಟ್ಟಲಿನ ಒಳಮೈಗೆ ಒಂದು ಉದ್ದನೆಯ ನೀಲಿ ಕಾರ್ಡು ಸಿಕ್ಕಿಸಿತ್ತು. ಗಾಜಿನ ಮೂಲಕ ಹಾಯ್ದ ಬಿಸಿಲು ಸೂಜಿಮೊನೆಯಷ್ಟಾಗಿ ಕಾರ್ಡಿನ ಮೇಲೆ ಬಿದ್ದು ಸುಡುತ್ತಿತ್ತು. ಸೂರ್ಯ ಸರಿದಂತೆ ಸುಟ್ಟ ಚುಕ್ಕೆಯೂ ಸರಿದು, ಬೆಳಗಿನಿಂದ ಅಲ್ಲಿಯವರೆಗೆ ಒಂದು ಕಂದು ಗೆರೆ ಎಳೆದಿತ್ತು.

“ಬಿಸಿಲು ತಾನೇ ಬರೆಯುತ್ತೆ,” ಎಂದ ಗಾಳಿತಾತ, ಹತ್ತಿರ ಬಂದು ಗುಂಡನ್ನು ಮಗುವಿನ ತಲೆಯ ಹಾಗೆ ನೋಡುತ್ತ. “ಮೋಡ ಅಡ್ಡ ಬಂದ್ರೆ ಗೆರೆ ನಿಲ್ಲುತ್ತೆ, ಹೋದ್ರೆ ಮತ್ತೆ ಶುರು. ನಿಮ್ಮ ಕೈ ಇನ್ನೆರಡು ನಿಮಿಷ ಅಡ್ಡ ಇದ್ದಿದ್ರೆ, ಇವತ್ತು ಬರದೇ ಇರೋ ಮೋಡ ಬಂತು ಅಂತ ನಾನು ಬರೀಬೇಕಾಗಿತ್ತು.”

“ಅಷ್ಟಕ್ಕೆ ಹೀಗೆ ಕೂಗೋದಾ?”

“ಮೂವತ್ತೊಂದು ವರ್ಷದಿಂದ ಒಂದು ಕಾರ್ಡೂ ಸುಳ್ಳು ಹೇಳಿಲ್ಲ ಮೇಡಂ.”

ಇನ್ಸ್‌ಪೆಕ್ಟರ್ ನಗಬೇಕೆಂದುಕೊಂಡಳು. ನಗು ಬಾಯಿಯವರೆಗೆ ಬಂದು ನಿಂತಿತು. ಆಕೆ ತನ್ನ ಕೈ ನೋಡಿಕೊಂಡಳು. ಆಮೇಲೆ ಮೋಟು ಗೋಡೆಯ ಕಡೆ ನೋಡಿದಳು. ಗಾಜಿನ ಗುಂಡಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಅಲ್ಲಿ ನಿಂತು ಬಗ್ಗಿದರೆ ಕೆಳಗಿನ ಕಾಲುದಾರಿ ನೇರವಾಗಿ ಕಾಣುತ್ತಿತ್ತು. ಕಾಲುದಾರಿಯ ಕಲ್ಲಿನ ಮೇಲೆ ಸುಣ್ಣದಲ್ಲಿ ಬರೆದ ಮನುಷ್ಯನ ಆಕಾರ ಕಾಣುತ್ತಿತ್ತು.

ಮೊನ್ನೆ ಮಧ್ಯಾಹ್ನ ಎರಡು ಮೂವತ್ತನಾಲ್ಕಕ್ಕೆ ಈ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ಅಲ್ಲೇ ಬಂದೂಕಿನ ಗುಂಡು ತಗುಲಿ ಬಿದ್ದು, ಯಾರೂ ಎತ್ತುವ ಮೊದಲೇ ಪ್ರಾಣ ಬಿಟ್ಟಿದ್ದರು.

“ಮೊನ್ನೆ ಮೋಡ ಇತ್ತಾ ಯಜಮಾನ್ರೇ?”

“ಇರ್ಲಿಲ್ಲ. ಸೊನ್ನೆ ಅಂತ ಬರೆದಿದ್ದೀನಿ.”

“ಹಾಗಾದ್ರೆ ಮೊನ್ನೆ ಕಾರ್ಡಲ್ಲಿ ಗೆರೆ ಎಲ್ಲೂ ತುಂಡಾಗದೆ ಇರ್ಬೇಕು.”

ಗಾಳಿತಾತ ತನ್ನನ್ನಲ್ಲ ಕೇಳಿದ್ದು ಎನ್ನುವ ಹಾಗೆ ತಿರುಗಿ ಮೆಟ್ಟಿಲು ಇಳಿಯತೊಡಗಿದ.

ಇನ್ಸ್‌ಪೆಕ್ಟರ್ ಅವನ ಹಿಂದೆಯೇ ಇಳಿದಳು.

*

ಇಡೀ ಕಟ್ಟಡದಲ್ಲಿ ಸದ್ದು ಅಂದರೆ ಇಬ್ಬರ ಕಾಲಿನ ಸದ್ದೇ. ಪಾಠ ನಿಂತು ಎರಡು ದಿನ ಆಗಿತ್ತು. ಹಾಸ್ಟೆಲಿನವರೆಲ್ಲ ಗಂಟು ಕಟ್ಟಿಕೊಂಡು ಊರು ಸೇರಿದ್ದರು. ಸೈಕಲ್ ಸ್ಟ್ಯಾಂಡಿನಲ್ಲಿ ಯಾರೋ ಬಿಟ್ಟುಹೋದ ಒಂದೇ ಒಂದು ಸೈಕಲ್ ಓರೆಯಾಗಿ ನಿಂತಿತ್ತು. ನೋಟೀಸ್ ಬೋರ್ಡಿನ ಕಾಗದಗಳು ಗಾಳಿಗೆ ಪಟಪಟ ಅನ್ನುತ್ತಿದ್ದವು, ಓದುವವರಿಲ್ಲ.

ಆಕೆಗೆ ಇಂಥ ಮೌನ ಹೊಸದಲ್ಲ. ಮನೆಗೆ ಹೋದರೆ ಬೀಗ ತೆಗೆಯುವ ಸದ್ದೇ ಆಕೆಗೆ ಸಿಗುವ ಮೊದಲ ಮಾತು. ಅದಾದ ಮೇಲೆ ಬೆಳಗಿನವರೆಗೆ ಇನ್ನೊಂದಿಲ್ಲ.

ಕೈಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ಐದರೊಳಗೆ ಸಂಶೋಧಕನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು ಅಂತ ದೊಡ್ಡ ಸಾಹೇಬರ ಅಪ್ಪಣೆ. ಕೊಲೆ ಆರೋಪದ ಕಾಗದ ಟೈಪಾಗಿ ಮೇಜಿನ ಮೇಲೆ ಕೂತಿತ್ತು. ಆಕೆಯ ಸಹಿ ಒಂದು ಬಾಕಿ.

ಸಂಶೋಧಕ ಅಂದರೆ ಸತ್ತ ಪ್ರೊಫೆಸರ ಕೈಕೆಳಗೆ ಆರು ವರ್ಷದಿಂದ ಮಳೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದ ಬಡಪಾಯಿ. ಪ್ರಬಂಧವನ್ನು ಅವರು ಮೂರನೇ ಸಲ ತಿರುಗಿಸಿ ಮುಖಕ್ಕೆ ಎಸೆದಾಗ, ವರಾಂಡದಲ್ಲಿ ಎಲ್ಲರೆದುರು ‘ನಿಮ್ಮನ್ನ ಸುಮ್ನೆ ಬಿಡಲ್ಲ’ ಎಂದು ಕಿರುಚಿದ್ದ. ಅದಾಗಿ ನಾಲ್ಕನೇ ದಿನಕ್ಕೆ ಗುಂಡು. ಗುಂಡಿನ ಸದ್ದಾದ ಮರುಗಳಿಗೆಯೇ ಕಟ್ಟಡದ ಹಿಂದಿನಿಂದ ಅವನು ಓಡಿದ್ದನ್ನು ಗುಮಾಸ್ತರು ಕಿಟಕಿಯಿಂದ ಕಂಡಿದ್ದರು. ಡಾಕ್ಟರನ್ನು ಕರೆಯೋಕೆ ಓಡಿದೆ ಎಂದ. ಯಾರು ನಂಬುತ್ತಾರೆ?

ಎರಡೂವರೆಯ ಗಂಟೆ ಹೊಡೆಯುವವರೆಗೆ ಅವನು ನೆಲಮಹಡಿಯ ಲ್ಯಾಬಿನಲ್ಲಿ ಹದಿನೆಂಟು ಜನ ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಮಾಡಿಸುತ್ತಿದ್ದ. ರಜೆ ಹಾಕಿದ ಮೇಷ್ಟರ ಬದಲಿಗೆ ನಿಂತಿದ್ದ. ಅದರ ಹಾಜರಿ ಇತ್ತು. ಗಂಟೆ ಹೊಡೆದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ನಾಲ್ಕು ನಿಮಿಷ.

‘ನಾಲ್ಕು ನಿಮಿಷ ಸಾಲದಾ? ಬೇಲಿ ಹಿಂದೆ ನಿಂತ, ಹೊಡೆದ, ಓಡಿದ,’ ಅಂದಿದ್ದರು ದೊಡ್ಡ ಸಾಹೇಬರು.

ಆದರೆ ಬಂದೂಕು ಸಿಕ್ಕಿರಲಿಲ್ಲ. ಮತ್ತೆ ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಗುಂಡು ಭುಜದಿಂದ ಹೊಕ್ಕು ಕೆಳಕ್ಕೆ ಓರೆಯಾಗಿ ಹೋಗಿದೆ ಎಂದು ಬರೆದಿದ್ದರು. ಬೇಲಿಯ ಹಿಂದೆ ನಿಂತವನು ಮರ ಹತ್ತಿರಬೇಕು, ಇಲ್ಲಾ ಪ್ರೊಫೆಸರು ಕೂತಿರಬೇಕು. ಎರಡೂ ಅಲ್ಲ.

ಬೆಳಿಗ್ಗೆ ಠಾಣೆಯಿಂದ ಹೊರಡುವಾಗ ಬಾಗಿಲ ಪಕ್ಕದ ಬೆಂಚಿನಲ್ಲಿ ಸಂಶೋಧಕನ ಅಪ್ಪ ಕೂತಿದ್ದ. ದರ್ಜಿ. ಕುತ್ತಿಗೆಗೆ ಅಳತೆಪಟ್ಟಿ ಹಾಗೇ ಇತ್ತು, ಸುದ್ದಿ ಕೇಳಿದವನೇ ಮಿಷನ್ ಬಿಟ್ಟು ಎದ್ದು ಬಂದಿದ್ದ. ಎರಡು ರಾತ್ರಿ ಒಂದು ಹಗಲು ಅದೇ ಬೆಂಚು.

“ಏನಾದ್ರೂ ತಿಂದು ಬನ್ನಿ,” ಅಂದಿದ್ದಳು ಇನ್ಸ್‌ಪೆಕ್ಟರ್.

“ಅವನಿಗೆ ಒಂಟಿಯಾಗಿ ಕೂತು ಅಭ್ಯಾಸ ಇಲ್ಲ ಅಮ್ಮಾ,” ಅಂದಿದ್ದ ದರ್ಜಿ. “ನಾನು ಇಲ್ಲಿ ಕೆಮ್ಮಿದ್ರೆ ಒಳಗೆ ಅವನಿಗೆ ಕೇಳುತ್ತೆ. ಅದಕ್ಕೆ ಕೂತಿದ್ದೀನಿ.”

*

ಗಾಳಿತಾತನ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಬಾಗಿಲಿಗೆ ಬೀಗವಿಲ್ಲ. ಒಳಗೆ ನೆಲದಿಂದ ಸೂರಿನವರೆಗೆ ಮರದ ಗೂಡುಗಳು, ಗೂಡಿನ ತುಂಬ ದಾರ ಕಟ್ಟಿದ ಕಾರ್ಡಿನ ಕಟ್ಟುಗಳು. ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ.

ಆ ಒಂದೇ ಲೋಟವನ್ನು ಇನ್ಸ್‌ಪೆಕ್ಟರ್ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಬಾಗಿಲ ಪಕ್ಕದ ಮೊಳೆಗೆ ತಾರಸಿಯ ಬೀಗದ ಕೈಯನ್ನು ಆಕೆಯೇ ಮತ್ತೆ ತಗುಲಿಹಾಕಿದಳು. ಅರ್ಧ ಗಂಟೆ ಮುಂಚೆ ಆಕೆ ಕೇಳದೆ ತೆಗೆದುಕೊಂಡಿದ್ದು ಅಲ್ಲಿಂದಲೇ.

“ಬಾಗಿಲು ಹೀಗೇ ಬಿಟ್ಟು ಹೋಗ್ತೀರಾ?”

“ಹಳೇ ಬಿಸಿಲನ್ನ ಯಾರು ಕದೀತಾರೆ ಮೇಡಂ?”

“ತಾರಸಿಗೆ ಎಷ್ಟು ಬೀಗದ ಕೈ?”

“ಎರಡು. ಇದೊಂದು, ಪ್ರೊಫೆಸರ ಡ್ರಾಯರಲ್ಲಿ ಒಂದು.”

“ಅವರ ಡ್ರಾಯರಿಗೆ ಬೀಗ ಇತ್ತು. ಒಡೆಸಿ ನೋಡ್ದೆ, ಕೈ ಒಳಗೇ ಇದೆ. ಅಂದ್ರೆ ಮೊನ್ನೆ ಯಾರಾದ್ರೂ ತಾರಸಿಗೆ ಹೋಗಿದ್ರೆ, ನಿಮ್ಮ ಈ ಕೈಯಿಂದಲೇ.”

“ಹೌದು.”

“ನೀವು ಎಲ್ಲಿದ್ರಿ?”

“ಒಂದೂವರೆಗೆ ಊಟಕ್ಕೆ ಹೋದೆ, ಹಿಂದುಗಡೆ ನನ್ನ ಕ್ವಾರ್ಟರ್ಸಿಗೆ. ಅಲ್ಲಿಂದ ಸೀದಾ ದಿಣ್ಣೆ ಮೇಲಿನ ಅಂಗಳಕ್ಕೆ. ಎರಡೂವರೆಗೆ ರೀಡಿಂಗು. ಥರ್ಮಾಮೀಟರು, ಮಳೆ ಡಬ್ಬ, ಗಾಳಿ.”

“ನಿಮ್ಮನ್ನ ನೋಡ್ದೋರು?”

ಗಾಳಿತಾತ ಸ್ವಲ್ಪ ಯೋಚಿಸಿದ. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ. “ನನ್ನನ್ನ ಯಾರು ನೋಡ್ತಾರೆ?” ಅಂದ. ದೂರಿನ ದನಿ ಇರಲಿಲ್ಲ, ಥರ್ಮಾಮೀಟರಿನಲ್ಲಿದ್ದ ಅಂಕಿ ಓದಿ ಹೇಳಿದ ಹಾಗಿತ್ತು. “ಗಡಿಯಾರ ಇಲ್ದೋರು ನಾನು ನಡೆಯೋದನ್ನ ನೋಡಿ ಹೊತ್ತು ತಿಳ್ಕೋತಾರೆ. ಹೊತ್ತು ನೋಡ್ತಾರೆ, ನನ್ನನ್ನಲ್ಲ.”

“ರಜ ಅಂತ ತಗೊಳ್ಳಲ್ವಾ?”

“ತಂಗಿ ಮದುವೆಗೆ ಅರ್ಧ ದಿನ ತಗೊಂಡೆ. ಆದ್ರೂ ಸಂಜೆ ಐದೂವರೆ ರೀಡಿಂಗು ಮುಗಿಸಿಯೇ ಬಸ್ ಹತ್ತಿದೆ. ಹೋಗೋ ಹೊತ್ತಿಗೆ ಶಾಮಿಯಾನ ಬಿಚ್ತಾ ಇದ್ರು.” ಸ್ವಲ್ಪ ತಡೆದು, “ಅವಳು ಈಗ ಮಾತಾಡ್ಸಲ್ಲ,” ಎಂದ.

ಇನ್ಸ್‌ಪೆಕ್ಟರ್ ಗೂಡುಗಳ ಕಡೆ ತಿರುಗಿದಳು.

“ಕಾರ್ಡು ಕೊಡಿ ಯಜಮಾನ್ರೇ.”

ಅವನು ಅಲ್ಲಾಡಲಿಲ್ಲ.

“ಎಸೆದ್ರಾ?”

ಆ ಮಾತು ಅವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. “ಎಸೆಯೋದಾ?” ಅಂದವನೇ ಮೂರನೇ ಗೂಡಿನ ಮೇಲಿನ ಕಟ್ಟು ತೆಗೆದು, ದಾರ ಬಿಚ್ಚಿ, ಮೇಲಿನಿಂದ ಎರಡನೇ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಆಕೆಯ ಮುಂದೆ ಇಟ್ಟ. ಹಿಂದೆ ತಾರೀಕು ಇತ್ತು. ತಾರೀಕಿನ ಕೆಳಗೆ ಅವನ ರುಜು.

ಎರಡು ದಿನ ಆ ಕಾರ್ಡನ್ನು ಕಂಡರೆ ಹೆದರಿಕೊಂಡಿದ್ದ ಮನುಷ್ಯ ಅದನ್ನು ಒಲೆಗೆ ಹಾಕಿರಲಿಲ್ಲ, ಹರಿದಿರಲಿಲ್ಲ. ತಾರೀಕು ಬರೆದು, ರುಜು ಹಾಕಿ, ಸಾಲಿನಲ್ಲೇ ಜೋಡಿಸಿದ್ದ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಅದು ಬೂದಿಯಾಗಿ ಗಾಳಿಗೆ ಹೋಗಿರುತ್ತಿತ್ತು.

ಬೆಳಗಿನ ತುದಿಯಿಂದ ಶುರುವಾದ ಕಂದು ಗೆರೆ ಮಧ್ಯಾಹ್ನ ದಾಟಿ ಸ್ವಲ್ಪ ದೂರ ಬಂದು, ಕತ್ತರಿಸಿದ ಹಾಗೆ ನಿಂತುಹೋಗಿತ್ತು. ಬೆರಳಗಲದಷ್ಟು ನೀಲಿ ಜಾಗ ಖಾಲಿ. ಆಮೇಲೆ ಗೆರೆ ಮತ್ತೆ ಶುರುವಾಗಿ ಸಂಜೆಯವರೆಗೆ ಹೋಗಿತ್ತು.

ಮೋಡವಿಲ್ಲದ ದಿನ, ಆ ಗಾಜಿನ ಗುಂಡಿನ ಮುಂದೆ ಯಾರೋ ನಿಂತಿದ್ದರು. ಬಂದು ಹೋಗಿದ್ದಲ್ಲ. ನಿಂತು ಕಾದಿದ್ದರು.

“ಇದನ್ನ ಓದೋದು ಹೇಗೆ?”

ಅವನು ಮಾತಾಡದೆ ಒಂದು ಪುಟ್ಟ ಅಳತೆಕೋಲು ಮುಂದಕ್ಕೆ ತಳ್ಳಿದ. ಕಾರ್ಡಿನ ಮೇಲೆ ಗಂಟೆಗಳ ಬಿಳಿ ಗೆರೆಗಳಿದ್ದವು. ಆಕೆ ಕನ್ನಡಕ ಹಾಕಿಕೊಂಡು, ಬಗ್ಗಿ, ಅಳತೆಕೋಲು ಇಟ್ಟು ನಿಧಾನವಾಗಿ ಓದಿದಳು. ಒಂದು ಸಲ ಓದಿದಳು. ಮತ್ತೆ ಓದಿದಳು.

ಬಿಸಿಲು ನಿಂತದ್ದು ಒಂದು ನಲವತ್ತಕ್ಕೆ. ಮತ್ತೆ ಶುರುವಾದದ್ದು ಎರಡು ಹನ್ನೆರಡಕ್ಕೆ.

ಗುಂಡು ಹಾರಿದ್ದು ಎರಡು ಮೂವತ್ತನಾಲ್ಕಕ್ಕೆ.

ಆಕೆ ಅಳತೆಕೋಲು ಕೆಳಗಿಟ್ಟಳು. ಗಾಳಿ ಬಿಟ್ಟ ಬಲೂನಿನಂತಾಯಿತು ಮನಸ್ಸು. ಅಲ್ಲಿ ನಿಂತವರು ಯಾರೇ ಆಗಲಿ, ಗುಂಡು ಹಾರುವ ಇಪ್ಪತ್ತೆರಡು ನಿಮಿಷ ಮುಂಚೆಯೇ ಇಳಿದು ಹೋಗಿದ್ದಾರೆ. ಯಾರೋ ಗಾಳಿಗೆ ಅಂತ ಬಂದಿರಬೇಕು. ಇದನ್ನು ದೊಡ್ಡ ಸಾಹೇಬರ ಮುಂದೆ ಇಟ್ಟರೆ ‘ಬಿಸಿಲನ್ನ ಸಾಕ್ಷಿ ಕಟ್ಟೆಗೆ ಕರೀತೀರಾ?’ ಅಂತ ನಕ್ಕಾರು.

“ಪ್ರಯೋಜನ ಇಲ್ಲ,” ಎಂದಳು ಯಾರಿಗೂ ಅಲ್ಲದ ಹಾಗೆ. “ಹೊತ್ತು ಕೂಡ್ತಾ ಇಲ್ಲ.”

ಕಾರ್ಡನ್ನು ಮೇಜಿನ ಮೇಲೆ ಬಿಟ್ಟು ಬ್ಯಾಗು ಎತ್ತಿಕೊಂಡಳು. ಗಾಳಿತಾತ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಕೈ ಕಿಟಕಿಯ ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿತ್ತು.

ಆಕೆ ಬಾಗಿಲು ದಾಟಿದಳು. ವರಾಂಡದಲ್ಲಿ ಏಳೆಂಟು ಹೆಜ್ಜೆ ಹೋಗಿರಬಹುದು.

“ಮೇಡಂ.”

ಆಕೆ ತಿರುಗಿದಳು. ಬಾಗಿಲಲ್ಲಿ ನಿಂತ ಮನುಷ್ಯನ ಕಣ್ಣಲ್ಲಿ ನೀರಿತ್ತು.

“ನೀವು ತಪ್ಪು ಓದಿದ್ರಿ.”

*

“ಏನಂದ್ರಿ?”

“ಅದು ನಿಮ್ಮ ಕೈಗಡಿಯಾರದ ಹೊತ್ತಲ್ಲ. ಸೂರ್ಯನ ಹೊತ್ತು.” ಮಾತು ಮುಳ್ಳಿನಂತೆ ಒಂದೊಂದೇ ಕಿತ್ತು ಬರುತ್ತಿತ್ತು. “ಸೂರ್ಯ ನೆತ್ತಿಗೆ ಬಂದಾಗ ಕಾರ್ಡಲ್ಲಿ ಹನ್ನೆರಡು. ಗಡಿಯಾರ ದೇಶಕ್ಕೆಲ್ಲ ಒಂದೇ ಇಟ್ಟಿದಾರಲ್ಲ, ಅದರಲ್ಲಿ ಆಗ ಹನ್ನೆರಡೂ ಇಪ್ಪತ್ತೆರಡು. ಈ ತಿಂಗಳು ನಮ್ಮ ಕಡೆ ಅಷ್ಟು ವ್ಯತ್ಯಾಸ. ಇಪ್ಪತ್ತೆರಡು ನಿಮಿಷ ಕೂಡಿಸ್ಬೇಕು.”

ಆಕೆ ನಿಂತಲ್ಲೇ ಕೂಡಿಸಿದಳು. ಒಂದು ನಲವತ್ತಕ್ಕೆ ಇಪ್ಪತ್ತೆರಡು ಸೇರಿಸಿದರೆ ಎರಡು ಗಂಟೆ ಎರಡು ನಿಮಿಷ. ಎರಡು ಹನ್ನೆರಡಕ್ಕೆ ಇಪ್ಪತ್ತೆರಡು ಸೇರಿಸಿದರೆ...

ಎರಡು ಮೂವತ್ತನಾಲ್ಕು.

ಅರ್ಧ ಗಂಟೆಗೂ ಮೀರಿ ಯಾರೋ ಆ ಸಂದಿಯಲ್ಲಿ ಕಾದಿದ್ದರು. ಗುಂಡು ಹಾರಿದ ನಿಮಿಷಕ್ಕೆ ಸರಿಯಾಗಿ ಅಲ್ಲಿಂದ ಸರಿದಿದ್ದರು.

“ಅರಿವಿದ್ದೇ ಹೇಳ್ತಿದ್ದೀರಾ ಯಜಮಾನ್ರೇ? ಬೀಗದ ಕೈ ನಿಮ್ಮದು. ನಿಮ್ಮನ್ನ ನೋಡ್ದೋರು ಯಾರೂ ಇಲ್ಲ. ನಾನು ತಪ್ಪು ಓದ್ಕೊಂಡು ಹೋಗಿದ್ರೆ ನಿಮ್ಮ ತಂಟೆಗೆ ಯಾರೂ ಬರ್ತಿರ್ಲಿಲ್ಲ.”

“ಗೊತ್ತು.”

“ಮತ್ಯಾಕೆ ಹೇಳಿದ್ರಿ?”

“ಹೇಳ್ಬಾರ್ದು ಅಂತಾನೇ ಇದ್ದೆ,” ಅಂದ ಗಾಳಿತಾತ. “ನೀವು ತಪ್ಪು ಅಂಕಿ ಇಟ್ಕೊಂಡು ಹೊರಟ್ರಿ. ನನ್ನ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ.”

ಆಕೆ ಹಿಂದಕ್ಕೆ ಬಂದು ಬಾಗಿಲು ಮುಚ್ಚಿದಳು. ದನಿ ತಗ್ಗಿಸಿದಳು. ಕಳ್ಳರ ಹತ್ತಿರ ಗದರುವ ದನಿ ಬೇರೆ, ಕೊಲೆಗಾರರ ಹತ್ತಿರ ಕೇಳುವ ದನಿ ಬೇರೆ. ಇದು ಎರಡನೆಯದು.

“ನೀವೇ ನಿಂತಿದ್ರಾ ಅಲ್ಲಿ?”

“ಇಲ್ಲ.”

“ಯಾರನ್ನ ನೋಡಿದ್ರಿ?”

“ಯಾವ ಮನುಷ್ಯರನ್ನೂ ನೋಡ್ಲಿಲ್ಲ. ನಿಮ್ಮ ಪೊಲೀಸರು ಮೊನ್ನೇನೇ ಕೇಳಿದ್ರು, ಯಾರನ್ನಾದ್ರೂ ನೋಡಿದ್ಯಾ ಅಂತ. ಇಲ್ಲ ಅಂದೆ. ನಿಜಾನೇ ಹೇಳ್ದೆ.”

“ಮನುಷ್ಯರನ್ನ ಬಿಡಿ. ಏನು ನೋಡಿದ್ರಿ?”

ಗಾಳಿತಾತ ಕುರ್ಚಿಯ ಬೆನ್ನು ಹಿಡಿದುಕೊಂಡ.

“ಛತ್ರಿ.”

“ಛತ್ರೀನಾ?”

“ಗಾಳಿ ಯಾವ ಕಡೆಗಿದೆ ಅಂತ ತಿಳಿಯೋಕೆ ತಾರಸಿ ಮೇಲಿನ ಬಾಣ ನೋಡ್ಬೇಕು. ದಿಣ್ಣೆಯಿಂದ ತಲೆ ಎತ್ತಿ ನೋಡ್ದೆ. ಬಾಣದ ಪಕ್ಕ ಒಂದು ಕಪ್ಪು ಛತ್ರಿ ಬಿಚ್ಕೊಂಡಿತ್ತು. ಬರೀ ಛತ್ರಿ ಬೆನ್ನು. ಕೆಳಗೆ ಇದ್ದೋರು ಕಾಣ್ಲಿಲ್ಲ. ಪ್ರೊಫೆಸರೇ ಬಿಸಿಲಿಗೆ ಹಿಡ್ಕೊಂಡು ಹತ್ತಿದಾರೆ ಅಂದ್ಕೊಂಡೆ.”

“ಆಮೇಲೆ?”

“ಆಮೇಲೆ ತಲೆ ಬಗ್ಗಿಸಿ ಬರೀತಾ ಇದ್ದೆ. ಢಬ್ ಅಂತು. ಗುಡುಗಿಗೆ ಒಂದು ಕಾಲಂ ಇದೆ. ಆಕಾಶ ನೋಡ್ದೆ. ಮೋಡ ಇಲ್ಲ. ಮೋಡ ಇಲ್ದೆ ಗುಡುಗು ಅಂತ ಹೇಗೆ ಬರೆಯೋದು? ಖಾಲಿ ಬಿಟ್ಟೆ.”

“ಛತ್ರಿ ನೋಡಿದ್ದು?”

“ಆ ರಿಜಿಸ್ಟರಲ್ಲಿ ಅದಕ್ಕೆ ಕಾಲಂ ಇಲ್ಲ ಮೇಡಂ.”

ಇನ್ಸ್‌ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. “ಎರಡು ದಿನ! ಎರಡು ದಿನದಿಂದ ಒಬ್ಬ ಹುಡುಗ ಕಂಬಿ ಹಿಂದೆ ಕೂತಿದ್ದಾನೆ. ಇಷ್ಟೆಲ್ಲ ಹೊಟ್ಟೇಲಿಟ್ಕೊಂಡು ಮಳೆ ಡಬ್ಬ ನೋಡ್ಕೊಂಡಿದ್ರಾ? ನಿಮಗೆ ಕರುಳು ಅನ್ನೋದು ಇದ್ಯಾ?”

“ಇದೆ,” ಅಂದ ಗಾಳಿತಾತ. “ಅದಕ್ಕೇ ಹೇಳ್ಲಿಲ್ಲ.”

ಕೋಣೆಯಲ್ಲಿ ಕಾರ್ಡುಗಳ ಹಳೆಯ ಸುಟ್ಟ ವಾಸನೆ ಒಂದೇ.

“ಈ ರೂಮಿಗೆ ಬರ್ತಿದ್ದಿದ್ದು ಅವನೊಬ್ಬನೇ,” ಎಂದ ಗಾಳಿತಾತ ಕೊನೆಗೆ. “ಆರು ವರ್ಷ. ಹಳೇ ಮಳೆ ಅಂಕಿ ಬರ್ಕೊಳ್ಳೋಕೆ ಅಂತ ಬರ್ತಿದ್ದ. ಅಂಕಿ ಎಲ್ಲ ಮುಗಿದ ಮೇಲೂ ಬರ್ತಿದ್ದ. ನೆಲದ ಮೇಲೆ ಕೂತ್ಕೊಂಡು, ‘ತಾತ, ನೀವು ಹುಟ್ಟಿದ ದಿನ ಮಳೆ ಬಂದಿತ್ತಾ ನೋಡೋಣ’ ಅಂತಿದ್ದ. ಬೀಗದ ಕೈ ಎಲ್ಲಿರುತ್ತೆ ಅಂತ ಅವನಿಗೆ ಗೊತ್ತು. ನಾನು ಯಾವಾಗ ಎಲ್ಲಿರ್ತೀನಿ ಅಂತ ಗೊತ್ತು. ಬಂದೂಕು ಅವನಿಗೆ ಎಲ್ಲಿ ಸಿಕ್ತೋ ನನಗೆ ಗೊತ್ತಿಲ್ಲ. ಸಂಜೆ ಕಾರ್ಡು ತೆಗೆದು ನೋಡ್ದೆ. ಮಧ್ಯ ಖಾಲಿ. ಅಷ್ಟು ಹೊತ್ತಿಗೆ ಅವನನ್ನ ಜೀಪಲ್ಲಿ ಕೂರಿಸ್ಕೊಂಡು ಹೋಗಿದ್ರು.”

ಇನ್ಸ್‌ಪೆಕ್ಟರ್ ಅವನನ್ನೇ ನೋಡುತ್ತಿದ್ದಳು. “ಅಂದ್ರೆ ಅವನೇ ಅಲ್ಲಿ ನಿಂತಿದ್ದ ಅಂತ...”

“ಇನ್ಯಾರು? ನನಗೆ ಗೊತ್ತಿರೋರು ಇನ್ಯಾರು ಇದ್ದಾರೆ?” ಅವನ ದನಿ ಒಡೆಯಿತು. “ಎಸೀಬೇಕು ಅಂತ ಒಲೆ ಮುಂದೆ ಕೂತಿದ್ದೆ ಮೇಡಂ. ಆಗ್ಲಿಲ್ಲ. ಮೂವತ್ತೊಂದು ವರ್ಷದ ಸಾಲಲ್ಲಿ ಒಂದು ದಿನ ಇಲ್ಲ ಅಂದ್ರೆ ಹೇಗೆ? ಈಗ ನೋಡಿ, ನಾನೇ ಬಾಯಿ ಬಿಟ್ಟೆ. ನನ್ನ ಕೈಯಾರೆ ಆ ಹುಡುಗನ್ನ...”

“ಕೂತ್ಕೊಳ್ಳಿ.”

ಕುರ್ಚಿ ಒಂದೇ ಇತ್ತು. ಆಕೆ ಅದನ್ನು ಅವನ ಕಡೆ ಎಳೆದು, ಭುಜ ಹಿಡಿದು ಕೂರಿಸಿದಳು. ತಾನು ನೆಲದ ಮೇಲೆ, ಗೂಡಿಗೆ ಒರಗಿ ಕೂತಳು. ಸಂಶೋಧಕ ಕೂರುತ್ತಿದ್ದದ್ದು ಅಲ್ಲೇ ಇರಬೇಕು, ಆ ಜಾಗದಲ್ಲಿ ನೆಲ ನುಣುಪಾಗಿತ್ತು.

“ಯಜಮಾನ್ರೇ, ಸರಿಯಾಗಿ ಕೇಳಿಸ್ಕೊಳ್ಳಿ. ಮೊನ್ನೆ ಒಂದೂವರೆಯಿಂದ ಎರಡೂವರೆವರೆಗೆ ಅವನು ಕೆಳಗೆ ಲ್ಯಾಬಲ್ಲಿದ್ದ. ಬೇರೆ ಮೇಷ್ಟರ ಪಾಠ ಇವನು ಮಾಡಿದ. ಹದಿನೆಂಟು ಜನ ಇದ್ರು. ಒಂದು ನಿಮಿಷ ಆಚೆ ಹೋಗಿಲ್ಲ ಅಂತ ಹದಿನೆಂಟೂ ಜನ ಬರ್ಕೊಟ್ಟಿದಾರೆ.”

ಗಾಳಿತಾತನ ತುಟಿ ಅಲ್ಲಾಡಿತು. ಲೆಕ್ಕ ಹಾಕುತ್ತಿದ್ದ.

“ನಿಮ್ಮ ಬಿಸಿಲು ನಿಂತಿದ್ದು ಎರಡೂ ಎರಡಕ್ಕೆ,” ಎಂದಳು ಆಕೆ ಮೆಲ್ಲಗೆ. “ಆಗ ಅವನು ಹುಡುಗರ ಮುಂದೆ ನಿಂತಿದ್ದ. ಛತ್ರಿ ಕೆಳಗೆ ಇದ್ದೋರು ಬೇರೆ. ಈ ಕಾರ್ಡು ಅವನನ್ನ ಹಿಡ್ಕೊಡಲ್ಲ. ಬಿಡಿಸುತ್ತೆ.”

ಅವನು ಎರಡೂ ಅಂಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ಆಕೆ ಹೇಳಿದ್ದನ್ನು ಮತ್ತೊಮ್ಮೆ ಒಳಗೊಳಗೇ ಓದಿಕೊಳ್ಳುವಂತೆ ಕೂತಿದ್ದ.

“ಪಾಠಕ್ಕೆ ನಿಂತಿದ್ದ ಅಂತ ನನಗೆ ಯಾರೂ ಹೇಳ್ಲಿಲ್ಲ,” ಅಂದ ಆಮೇಲೆ.

ಇಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬರು, ಯಾರಾದರೂ ಒಬ್ಬರು, ವರಾಂಡದಲ್ಲಿ ನಿಂತು ಅವನ ಜೊತೆ ಎರಡು ಮಾತು ಆಡಿದ್ದರೆ ಸಾಕಿತ್ತು. ಅವನೂ ಎರಡು ದಿನ ನಿದ್ದೆಗೆಡಬೇಕಾಗಿರಲಿಲ್ಲ. ಆ ಸಂಶೋಧಕ ಎರಡು ದಿನ ಕಂಬಿ ಹಿಂದೆ ಕೂರಬೇಕಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಕಾರ್ಡನ್ನು ಕಾಗದದ ಲಕೋಟೆಯಲ್ಲಿ ಇಟ್ಟುಕೊಂಡಳು. ಗಾಳಿತಾತ ರಶೀದಿ ಕೇಳಿದ. ಆಕೆ ಬರೆದುಕೊಟ್ಟಳು. ಕಾರ್ಡು ಇದ್ದ ಜಾಗದಲ್ಲಿ ಅವನು ರಶೀದಿಯನ್ನು ಇಟ್ಟು, ಕಟ್ಟಿಗೆ ಮತ್ತೆ ದಾರ ಕಟ್ಟಿದ.

*

ನಾಲ್ಕು ಗಂಟೆಗೆ ಆಕೆ ಗುಮಾಸ್ತರ ಖಾಲಿ ಕೋಣೆಯಿಂದ ಠಾಣೆಗೆ ಫೋನ್ ಮಾಡಿದಳು. ಎತ್ತಿದ್ದು ಪೆನ್ಸಿಲ್. ಕಡ್ಡಿಯಂಥ ಕಾನ್‌ಸ್ಟೇಬಲ್, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು.

“ಪೆನ್ಸಿಲ್, ಆ ಕಾಗದ ಹರಿದು ಹಾಕು. ಹುಡುಗನ್ನ ಕೋರ್ಟಿಗೆ ಕಳಿಸ್ಬೇಡ. ನಾನು ಸಾಕ್ಷಿ ತಗೊಂಡು ಬರ್ತಿದ್ದೀನಿ. ಅವನಲ್ಲ ಕೊಂದಿದ್ದು.”

ಆ ಕಡೆ ಜೀಪಿನ ಎಂಜಿನ್ ಗುರುಗುಟ್ಟುವ ಸದ್ದು.

“ಕೇಳಿಸ್ತಾ?”

“ಕೇಳಿಸ್ತು ಮೇಡಂ. ಆದ್ರೆ ತಡ ಆಯ್ತು. ನಿಮ್ಮನ್ನ ಎಲ್ಲಿ ಅಂತ ಹುಡುಕ್ಲಿ, ಅರ್ಧ ಗಂಟೆಯಿಂದ ಎಲ್ಲ ಕಡೆ ಫೋನ್ ಮಾಡಿದೀನಿ. ಅವನು ಒಪ್ಕೊಂಡ್ಬಿಟ್ಟ.”

“ಏನನ್ನ?”

“ನಾನೇ ಹೊಡೆದೆ ಅಂತ. ಕಾಗದ ಕೇಳಿ ತಾನೇ ಬರೆದ, ಮುತ್ತಿನಂಥ ಅಕ್ಷರ. ದೊಡ್ಡ ಸಾಹೇಬರು ಬಂದು ಅವರೇ ರುಜು ಹಾಕಿದ್ರು. ಜೀಪ್ ಸ್ಟಾರ್ಟ್ ಮಾಡಿ ನಿಲ್ಸಿದಾರೆ, ಈಗ ಹೊರಡ್ತಾರೆ.”

“ಯಾರಾದ್ರೂ ಕೈ ಮಾಡಿದ್ರಾ ಅವನ ಮೇಲೆ? ನಿಜ ಹೇಳು!”

“ಅಯ್ಯೋ, ನನ್ನಾಣೆ ಇಲ್ಲ ಮೇಡಂ! ಬೆಳಿಗ್ಗೆಯಿಂದ ನಾನಲ್ಲ ನಾನಲ್ಲ ಅಂತಿದ್ದ. ಅವನ ಅಮ್ಮ ಬಂದು ಮಾತಾಡ್ಸಿದ ಮೇಲೆ ಏನನ್ನಿಸ್ತೋ, ಅವರು ಮೆಟ್ಟಿಲು ಇಳಿಯೋದ್ರೊಳಗೆ ಕಾಗದ ಕೊಡಿ ಅಂದ.”

“ನನ್ನ ಕೇಳ್ದೆ ಯಾಕೆ ಬಿಟ್ಟೆ?”

“ಐದೇ ನಿಮಿಷ ಮೇಡಂ. ವಯಸ್ಸಾದೋರು, ಮಗನ್ನ ನೋಡ್ಬೇಕು ಅಂತ ಅಳ್ತಾ ನಿಂತಿದ್ರು. ಹೆತ್ತ ತಾಯಿಗೆ ಹೇಗೆ ಬೇಡ ಅನ್ಲಿ?”

“ಅವನ ಅಪ್ಪ ಎಲ್ಲಿದ್ರು?”

“ಚಾ ಕುಡಿಯೋಕೆ ಅಂತ ಆಚೆ ಹೋಗಿದ್ರು. ಈಗ ಬಂದ್ರು. ಮಗ ಒಪ್ಕೊಂಡ ಅಂತ ಹೇಳ್ದೆ, ಅಲ್ಲೇ ಕುಸಿದು ಕೂತಿದಾರೆ. ಜೀಪಿಗೆ ಅಡ್ಡ ಮಲಗ್ತೀನಿ ಅಂತಿದಾರೆ.”

“ಅವರ ಕೈಗೆ ಫೋನ್ ಕೊಡು. ನೀನು ಓಡು, ಏನಾದ್ರೂ ಹೇಳಿ ಜೀಪ್ ನಿಲ್ಸು. ಟೈರ್ ಗಾಳಿ ಬಿಡು ಬೇಕಾದ್ರೆ!”

ಫೋನು ಕೈ ಬದಲಾದ ಸದ್ದು. ಆಮೇಲೆ ದರ್ಜಿಯ ಏದುಸಿರು.

“ಧೈರ್ಯ ತಗೊಳ್ಳಿ,” ಎಂದಳು ಇನ್ಸ್‌ಪೆಕ್ಟರ್. “ನಿಮ್ಮ ಮಗ ಮಾಡಿಲ್ಲ, ನನ್ನ ಹತ್ರ ಸಾಕ್ಷಿ ಇದೆ. ಆದ್ರೆ ಅವನು ಯಾಕೆ ಒಪ್ಕೊಂಡ ಅಂತ ನನಗೆ ತಿಳೀಬೇಕು. ನಿಮ್ಮ ಮನೆಯವರು ಈಗ ಎಲ್ಲಿದಾರೆ? ಒಳಗೆ ಅವನಿಗೆ ಏನು ಹೇಳಿದ್ರು ಅಂತ ನಾನು ಅವರನ್ನೇ ಕೇಳ್ಬೇಕು.”

“ಯಾರು ಅಮ್ಮಾ?”

“ನಿಮ್ಮ ಹೆಂಡತಿ. ಈಗ ಬಂದಿದ್ರಲ್ಲ.”

ದೂರದಲ್ಲಿ ಜೀಪು ಗೇರು ಹಾಕಿದ ಸದ್ದು, ಪೆನ್ಸಿಲ್ ಏನೋ ಕೂಗುತ್ತಿದ್ದ ಸದ್ದು ತಂತಿಯಲ್ಲಿ ತೇಲಿಬಂತು.

“ಅವಳು ಹೋಗಿ ಹನ್ನೊಂದು ವರ್ಷ ಆಯ್ತಲ್ಲಮ್ಮಾ,” ಅಂದ ದರ್ಜಿ. “ನನ್ನ ಕೈಯಾರೆ ಮಣ್ಣು ಹಾಕಿ ಬಂದಿದ್ದೀನಿ. ನನ್ನ ಮಗನ ಹತ್ರ ಬಂದು ಹೋಗಿದ್ದು ಯಾರು?”